ಎಡಗೈ ಒಂದು, ಚಕ್ರ ಎರಡು: ಸಿಬಿಎಸ್ ಬ್ರೇಕ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಸ್ಕೂಟರ್ ಮನೆಗೆ ತಂದ ವಾರದೊಳಗೆ ಈ ಫೋನ್ ಬಂದೇ ಬರುತ್ತದೆ. "ಎಡಗೈ ಬ್ರೇಕ್ ಹಿಡಿದ್ರೆ ಗಾಡಿ ಮುಂದೆ ಬಗ್ಗುತ್ತಲ್ಲ, ಏನಾದ್ರೂ ತೊಂದರೆ ಇದ್ಯಾ?" ನಮ್ಮ ಬಳಗದಲ್ಲಿ ಗಾಡಿ ಹುಚ್ಚಿನವನು ನಾನೊಬ್ಬನೇ ಆದ್ದರಿಂದ ಇಂಥ ಪ್ರಶ್ನೆಗಳೆಲ್ಲ ನನ್ನ ಪಾಲಿಗೇ ಬೀಳುತ್ತವೆ. ಹೇಳಿದ್ದನ್ನೇ ಹೇಳಿ ಸಾಕಾಗಿ, ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಸಿಬಿಎಸ್ ಅಂದ್ರೆ ಏನು?

ಕಂಬೈನ್ಡ್ ಬ್ರೇಕಿಂಗ್ ಸಿಸ್ಟಮ್. ಒಂದು ಬ್ರೇಕ್ ಹಿಡಿದರೆ ಎರಡೂ ಚಕ್ರಕ್ಕೆ ಬ್ರೇಕ್ ಬೀಳುವ ಏರ್ಪಾಡು. ಸ್ಕೂಟರಿನಲ್ಲಿ ಎಡಗೈ ಲಿವರ್ ಹಿಡಿದಾಗ ಹಿಂದಿನ ಚಕ್ರದ ಜೊತೆಗೆ ಮುಂದಿನದಕ್ಕೂ ಸ್ವಲ್ಪ ಬ್ರೇಕ್ ಬೀಳುತ್ತದೆ. ಬೈಕಿನಲ್ಲಿ ಆ ಕೆಲಸ ಕಾಲಿನ ಪೆಡಲ್‌ದು. ಬಲಗೈ ಲಿವರ್ ಮಾತ್ರ ಮೊದಲಿನ ಹಾಗೇ, ಬರೀ ಮುಂದಿನ ಚಕ್ರಕ್ಕೆ.

ನಿಮ್ಮ ಗಾಡಿ ಬಗ್ಗುತ್ತಿರುವುದು ಇದಕ್ಕೇ. ಬಗ್ಗಲೇಬೇಕು.

ನನ್ನ ಗಾಡಿ ಮೇಲೆ ಸಿಬಿಎಸ್ ಅಂತ ಬರೆದೇ ಇಲ್ಲವಲ್ಲ?

ಕಂಪನಿಗೊಂದು ಹೆಸರು. ಹೋಂಡಾ, ಸುಜುಕಿಯವರು ಸಿಬಿಎಸ್ ಎನ್ನುತ್ತಾರೆ. ಹೀರೋದವರಿಗೆ ಅದು ಐಬಿಎಸ್, ಟಿವಿಎಸ್‌ನವರಿಗೆ ಎಸ್‌ಬಿಟಿ, ಯಮಹಾದವರಿಗೆ ಯುಬಿಎಸ್. ಬಜಾಜ್‌ನವರು ತಮ್ಮ ಸಣ್ಣ ಬೈಕುಗಳಲ್ಲಿ ಇದನ್ನೇ 'ಆಂಟಿ ಸ್ಕಿಡ್ ಬ್ರೇಕಿಂಗ್' ಎಂದು ಕರೆದರು. ಆ ಹೆಸರು ನನಗೆ ಅಷ್ಟು ಹಿಡಿಸಲಿಲ್ಲ. ಕೇಳಿದವರಿಗೆ ಅದು ಎಬಿಎಸ್ (ಆಂಟಿ ಲಾಕ್ ಬ್ರೇಕಿಂಗ್ ಸಿಸ್ಟಮ್, ಚಕ್ರ ತಿರುಗುವುದು ನಿಂತು ಜಾರದಂತೆ ತಡೆಯುವ ಏರ್ಪಾಡು) ಇರಬೇಕು, ಚಕ್ರ ಜಾರುವುದೇ ಇಲ್ಲ ಅನ್ನಿಸುತ್ತದೆ. ಹಾಗೇನೂ ಇಲ್ಲ.

ಒಳಗೆ ಏನಿದೆ? ಸೆನ್ಸರ್ ಇರುತ್ತಾ?

ಸಣ್ಣ ಗಾಡಿಗಳಲ್ಲಿ ಸೆನ್ಸರೂ ಇಲ್ಲ, ಕಂಪ್ಯೂಟರೂ ಇಲ್ಲ. ಕೇಬಲ್, ಸ್ಪ್ರಿಂಗ್ ಮತ್ತು ಒಂದು ಸಣ್ಣ ಲೋಹದ ತುಂಡು, ಅಷ್ಟೇ. ಆ ತುಂಡಿಗೆ ಈಕ್ವಲೈಸರ್ ಎನ್ನುತ್ತಾರೆ. ಎತ್ತಿನ ಗಾಡಿಯ ನೊಗವನ್ನು ನೆನಪಿಸಿಕೊಳ್ಳಿ. ನಡುವೆ ಎಳೆದರೆ ಎರಡು ತುದಿಯಲ್ಲೂ ಎಳೆತ ಬೀಳುತ್ತದೆ ಅಲ್ವಾ? ಇಲ್ಲಿಯೂ ಹಾಗೇ. ಎಡ ಲಿವರ್ ಎಳೆದಾಗ ಒಂದು ತುದಿ ಹಿಂದಿನ ಬ್ರೇಕ್ ಕೇಬಲನ್ನು ಎಳೆಯುತ್ತದೆ, ಇನ್ನೊಂದು ತುದಿ ಮುಂದಿನದನ್ನು. ಮುಂದಿನ ಬ್ರೇಕ್ ದಡಕ್ಕನೆ ಹಿಡಿಯಬಾರದೆಂದು ನಡುವೆ ಸ್ಪ್ರಿಂಗ್ ಇಟ್ಟಿರುತ್ತಾರೆ. ಮೊದಲು ಹಿಂದಿನದು ಹಿಡಿಯುತ್ತದೆ. ಇನ್ನೂ ಒತ್ತಿದರೆ ಮುಂದಿನದು ಜೊತೆಗೂಡುತ್ತದೆ.

ಮುಂದೆ ಡಿಸ್ಕ್ ಇರುವ ಗಾಡಿಯಲ್ಲಿ ಏರ್ಪಾಡು ಸ್ವಲ್ಪ ಬೇರೆ. ಕೆಲವದರಲ್ಲಿ ಜೋಡಣೆ ಕೇಬಲ್ ನೇರವಾಗಿ ಬಲಗೈ ಕಡೆಯ ಮಾಸ್ಟರ್ ಸಿಲಿಂಡರನ್ನೇ (ಬ್ರೇಕ್ ಆಯಿಲನ್ನು ಡಿಸ್ಕಿನ ಕಡೆಗೆ ತಳ್ಳುವ ಭಾಗ) ಒತ್ತುತ್ತದೆ. ಇನ್ನು ಕೆಲವದರಲ್ಲಿ ಡಿಸ್ಕನ್ನು ಅಮುಕಿ ಹಿಡಿಯುವ ಕ್ಯಾಲಿಪರಿಗೆ ಮೂರು ಪಿಸ್ಟನ್ ಇದ್ದು, ಅದರಲ್ಲೊಂದು ಪಾಲು ಈ ಕೆಲಸಕ್ಕೆ ಮೀಸಲಾಗಿರುತ್ತದೆ.

ಹಿಂದಿನ ಬ್ರೇಕ್ ಒಂದೇ ಸಾಲದಾ? ಇಷ್ಟು ವರ್ಷ ಓಡಿಸಿಲ್ವಾ?

ಓಡಿಸಿದ್ದೇವೆ. ಜಾರಿ ಬಿದ್ದೂ ಇದ್ದೇವೆ.

ಇದೇ ಮುಖ್ಯವಾದ ಪ್ರಶ್ನೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ಸ್ಕೂಟರ್ ಮತ್ತು ಅದರ ಸವಾರ ಸೇರಿ 180 ಕೆ.ಜಿ. ಎಂದಿಟ್ಟುಕೊಳ್ಳಿ. ಸುಮ್ನೆ ನಿಂತಾಗ ಮುಂದಿನ ಚಕ್ರದ ಮೇಲೆ 80, ಹಿಂದಿನದರ ಮೇಲೆ 100 ಕೆ.ಜಿ. ಭಾರ. ಈಗ ಸ್ವಲ್ಪ ಜೋರಾಗಿ ಬ್ರೇಕ್ ಹಾಕಿ. ಬಸ್ಸಿನ ಡ್ರೈವರ್ ಬ್ರೇಕ್ ಒತ್ತಿದಾಗ ನಿಂತವರೆಲ್ಲ ಮುಂದಕ್ಕೆ ಬೀಳುವ ಹಾಗೆ ಗಾಡಿಯ ಭಾರವೂ ಮುಂದಕ್ಕೆ ಹೋಗುತ್ತದೆ. ಚಕ್ರಗಳ ನಡುವಿನ ಅಂತರ ಸುಮಾರು 1.25 ಮೀಟರ್, ಭಾರದ ಕೇಂದ್ರ ನೆಲದಿಂದ ಸುಮಾರು 60 ಸೆಂ.ಮೀ. ಮೇಲೆ ಎಂದು ಲೆಕ್ಕ ಹಾಕಿದರೆ, ಅಂಥ ಒಂದು ಬ್ರೇಕಿಗೆ 43 ಕೆ.ಜಿ.ಯಷ್ಟು ಭಾರ ಹಿಂದಿನಿಂದ ಮುಂದಕ್ಕೆ ಬರುತ್ತದೆ. ಆಗ ಮುಂದೆ 123, ಹಿಂದೆ ಬರೀ 57.

ಭಾರ ಇದ್ದಲ್ಲಿ ಹಿಡಿತ. ಬ್ರೇಕ್ ಹಾಕಿದಷ್ಟೂ ಹಿಂದಿನ ಚಕ್ರ ಹಗುರವಾಗುತ್ತದೆ, ನಾವು ಹೆದರಿ ಅದನ್ನೇ ಇನ್ನಷ್ಟು ಒತ್ತುತ್ತೇವೆ. ಚಕ್ರ ತಿರುಗುವುದು ನಿಂತು ಟಾರಿನ ಮೇಲೆ ಕರ್ರನೆ ಉಜ್ಜುತ್ತದೆ, ಗಾಡಿಯ ಹಿಂಭಾಗ ಒಂದು ಪಕ್ಕಕ್ಕೆ ಓಡುತ್ತದೆ. ಅತ್ತ ಮುಂದಿನ ಚಕ್ರ 123 ಕೆ.ಜಿ. ಹೊತ್ತುಕೊಂಡು, ಕೆಲಸವಿಲ್ಲದೆ ಸುಮ್ನೆ ಉರುಳುತ್ತಿರುತ್ತದೆ.

ದೂರದ ಲೆಕ್ಕವನ್ನೂ ನೋಡಿ. ಗಂಟೆಗೆ 40 ಕಿ.ಮೀ. ಅಂದರೆ ಸೆಕೆಂಡಿಗೆ 11 ಮೀಟರ್. ಒಣ ಟಾರಿನ ಮೇಲೆ ಹಿಂದಿನ ಬ್ರೇಕ್ ಒಂದರಿಂದಲೇ ಪ್ರತಿ ಸೆಕೆಂಡಿಗೆ 3 ಮೀಟರ್‌ನಷ್ಟು ವೇಗ ಇಳಿಸಿದರೆ ನಿಲ್ಲಲು 20 ಮೀಟರ್ ಬೇಕು. ಎರಡೂ ಬ್ರೇಕ್ ಸರಿಯಾಗಿ ಹಿಡಿದು ಅದರ ಎರಡರಷ್ಟು ಇಳಿಸಿದರೆ 10 ಮೀಟರ್ ಸಾಕು. ಇನ್ನೊಂದು ರೀತಿ ಹೇಳಬೇಕೆಂದರೆ, ಎರಡೂ ಬ್ರೇಕ್ ಹಿಡಿದವನು ಪೂರ್ತಿ ನಿಂತ ಜಾಗದಲ್ಲಿ ಒಂದೇ ಹಿಡಿದವನು ಇನ್ನೂ 28 ಕಿ.ಮೀ. ವೇಗದಲ್ಲಿ ಹೋಗುತ್ತಿರುತ್ತಾನೆ. ಎದುರಿಗಿರುವುದು ಹಸುವೋ ಆಟೋವೋ, ಅಷ್ಟು ವೇಗದಲ್ಲೇ ಹೋಗಿ ಗುದ್ದುತ್ತಾನೆ.

ಮುಂದಿನ ಬ್ರೇಕ್ ಹಿಡಿದ್ರೆ ಪಲ್ಟಿ ಹೊಡೀತೀವಿ ಅಂತಾರಲ್ಲ?

ಸೈಕಲ್ ಕಲಿಸುವಾಗ ಮಾವನೋ ಅಣ್ಣನೋ ಹೇಳಿದ ಮಾತು ಇದು. ನನಗೂ ಹೇಳಿದ್ದರು. ಸೈಕಲ್ಲಿಗೆ ಸ್ವಲ್ಪ ಮಟ್ಟಿಗೆ ನಿಜ, ಯಾಕೆಂದರೆ ಅದು ಹಗುರ, ನಾವು ಅದರ ಮೇಲೆ ಎತ್ತರಕ್ಕೆ ಕೂತಿರುತ್ತೇವೆ. ಸ್ಕೂಟರು ತಗ್ಗು, ಭಾರವೂ ಜಾಸ್ತಿ. ಅದನ್ನು ಮುಗ್ಗರಿಸುವ ಹಾಗೆ ಮಾಡುವುದು ಅಷ್ಟು ಸುಲಭವಲ್ಲ. ಆದರೆ ಮರಳಿನ ಮೇಲೋ ಹ್ಯಾಂಡಲ್ ತಿರುಗಿಸಿಕೊಂಡೋ ಮುಂದಿನ ಬ್ರೇಕನ್ನು ಗಬಕ್ಕನೆ ಹಿಡಿದರೆ ಚಕ್ರ ಜಾರಿ ಪಕ್ಕಕ್ಕೆ ಬೀಳುವುದು ಖಂಡಿತ. ಅಂದರೆ ಭಯ ಪೂರ್ತಿ ಸುಳ್ಳಲ್ಲ. ಆ ಭಯದಿಂದ ಬಲಗೈ ಬ್ರೇಕನ್ನೇ ಮುಟ್ಟದೆ ಇಪ್ಪತ್ತು ವರ್ಷ ಓಡಿಸುವುದು ತಪ್ಪು. ಸಿಬಿಎಸ್ ಮಾಡಿದ್ದೇ ಹಾಗೆ ಓಡಿಸುವವರನ್ನು ನೋಡಿ.

ಸಿಬಿಎಸ್ ಇದ್ದ ಮೇಲೆ ಬಲಗೈ ಬ್ರೇಕ್ ಬೇಡ ತಾನೇ?

ಬೇಕು. ಎಡಗೈ ಹಿಡಿದಾಗ ಮುಂದಿನ ಚಕ್ರಕ್ಕೆ ಸಿಗುವುದು ಅದರ ಪೂರ್ತಿ ಶಕ್ತಿಯಲ್ಲಿ ಒಂದು ಪಾಲು ಮಾತ್ರ. ಬಾಕಿ ಇರುವುದು ಬಲಗೈಯಲ್ಲೇ. ಟ್ರಾಫಿಕ್ಕಿನಲ್ಲಿ ನಿಧಾನಿಸಲು ಎಡಗೈ ಸಾಕು. ತುರ್ತಾಗಿ ನಿಲ್ಲಬೇಕಾದಾಗ ಎರಡೂ ಕೈ ಬೇಕು, ಬೈಕಾದರೆ ಕಾಲು ಮತ್ತು ಬಲಗೈ.

ನನಗೆ ಸಿಬಿಎಸ್ ಬಗ್ಗೆ ಇರುವ ತಕರಾರು ಇದೊಂದೇ. ಅರ್ಧ ಕೆಲಸ ಅದೇ ಮಾಡಿಬಿಡುವುದರಿಂದ ಬಲಗೈ ಕಲಿಯುವುದೇ ಇಲ್ಲ. ನಮ್ಮ ಮನೆಯಲ್ಲೇ ಒಬ್ಬರು ನಾಲ್ಕು ವರ್ಷದಿಂದ ಸ್ಕೂಟರ್ ಓಡಿಸುತ್ತಿದ್ದಾರೆ. ಅವರ ಬಲ ಲಿವರ್ ಮೇಲೆ ಷೋರೂಮಿನಿಂದ ತಂದಾಗಿನ ಹೊಳಪು ಇನ್ನೂ ಹಾಗೇ ಇದೆ.

ಎಬಿಎಸ್‌ಗೂ ಸಿಬಿಎಸ್‌ಗೂ ಏನು ವ್ಯತ್ಯಾಸ? ಯಾವುದು ಒಳ್ಳೇದು?

ಸಿಬಿಎಸ್ ಬ್ರೇಕನ್ನು ಎರಡು ಚಕ್ರಕ್ಕೆ ಹಂಚುತ್ತದೆ, ಅಷ್ಟೇ. ನೀವು ಜಾಸ್ತಿ ಒತ್ತಿದರೆ ಚಕ್ರ ಲಾಕ್ ಆಗುತ್ತದೆ, ಅದಕ್ಕೆ ಅದು ಏನೂ ಮಾಡಲಾರದು. ಎಬಿಎಸ್‌ನಲ್ಲಿ ಚಕ್ರದ ವೇಗ ನೋಡುವ ಸೆನ್ಸರ್ ಇರುತ್ತದೆ. ಚಕ್ರ ಲಾಕ್ ಆಗುವ ಹಂತಕ್ಕೆ ಬಂದರೆ ಒತ್ತಡವನ್ನು ಬಿಟ್ಟು, ಮತ್ತೆ ಹಿಡಿದು, ಮತ್ತೆ ಬಿಟ್ಟು, ಹೀಗೆ ಒಂದು ಸೆಕೆಂಡಿನಲ್ಲಿ ಹಲವು ಸಲ ಮಾಡುತ್ತದೆ. ಲಿವರ್ ಬೆರಳಿಗೆ ಗಡಗಡ ನಡುಗಿದ ಹಾಗೆ ಅನ್ನಿಸುತ್ತದೆ.

ಯಾವುದು ಒಳ್ಳೇದು ಎಂದರೆ ಎಬಿಎಸ್ಸೇ. ದುಡ್ಡಿದ್ದರೆ ಎರಡನೇ ಯೋಚನೆ ಬೇಡ. ಒಂದು ಮಾತು ಮಾತ್ರ ನೆನಪಿರಲಿ: ಸಿಂಗಲ್ ಚಾನೆಲ್ ಎಬಿಎಸ್ ಅಂದರೆ ಮುಂದಿನ ಚಕ್ರಕ್ಕೆ ಮಾತ್ರ. ಆ ಗಾಡಿಯ ಹಿಂದಿನ ಚಕ್ರ ಈಗಲೂ ಲಾಕ್ ಆಗುತ್ತದೆ.

ಕಾನೂನು ಏನು ಹೇಳುತ್ತೆ?

ಹೊಸ ಮಾದರಿಗಳಿಗೆ 2018ರ ಏಪ್ರಿಲ್ 1ರಿಂದ, ಆಗಲೇ ಮಾರಾಟದಲ್ಲಿದ್ದ ಮಾದರಿಗಳಿಗೆ 2019ರ ಏಪ್ರಿಲ್ 1ರಿಂದ ನಿಯಮ ಬಂತು. 125 ಸಿಸಿ ದಾಟಿದ ಗಾಡಿಗೆ ಎಬಿಎಸ್ ಕಡ್ಡಾಯ. 125 ಸಿಸಿ ಮತ್ತು ಅದಕ್ಕಿಂತ ಕಡಿಮೆ ಇದ್ದರೆ ಸಿಬಿಎಸ್ ಅಥವಾ ಎಬಿಎಸ್, ಎರಡರಲ್ಲಿ ಒಂದು. ಪಲ್ಸರ್ 125ಕ್ಕೆ ಸಿಬಿಎಸ್, ಅದರ ಅಣ್ಣ ಪಲ್ಸರ್ 150ಗೆ ಎಬಿಎಸ್ ಬಂದದ್ದು ಈ ಗೆರೆಯಿಂದಾಗಿಯೇ. ಯುರೋಪಿನಲ್ಲೂ 2016ರಿಂದ ಹೆಚ್ಚುಕಡಿಮೆ ಇದೇ ಗೆರೆ. 2025ರ ಜೂನ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಸಣ್ಣ ಗಾಡಿಗಳಿಗೂ ಎಬಿಎಸ್ ಕಡ್ಡಾಯ ಮಾಡುವ ಕರಡನ್ನು ಹೊರಡಿಸಿತು. ಹಾಗಾಗಿ ಹೊಸ ಗಾಡಿ ಬುಕ್ ಮಾಡುವಾಗ ಆ ಮಾದರಿಗೆ ಯಾವುದು ಬರುತ್ತದೆ ಎಂದು ಕೇಳಿಯೇ ಅಡ್ವಾನ್ಸ್ ಕೊಡಿ.

ನಿಯಮ ಬರುವ ಮೊದಲೇ ಕೆಲವು ಗಾಡಿಗಳಲ್ಲಿ ಸಿಬಿಎಸ್ ಇತ್ತು. ಹೋಂಡಾದವರು 2009ರಲ್ಲೇ ಆಕ್ಟಿವಾಗೆ ಹಾಕಿದ್ದರು. ಅಷ್ಟು ಹಳೆಯ ಆಕ್ಟಿವಾ ಮನೆಯಲ್ಲಿದ್ದರೆ ಅದರಲ್ಲೂ ಇರಬಹುದು, ನೋಡಿ.

ಮಳೆಗಾಲದಲ್ಲಿ, ಮಣ್ಣು ರಸ್ತೆಯಲ್ಲಿ ಇದು ಅಪಾಯ ಅಲ್ವಾ?

ಒದ್ದೆ ಟಾರಿನ ಮೇಲೆ ಸಿಬಿಎಸ್‌ನಿಂದ ಅನುಕೂಲವೇ. ಬ್ರೇಕ್ ಎರಡು ಚಕ್ರಕ್ಕೆ ಹಂಚಿಹೋಗುವುದರಿಂದ ಹಿಂದಿನ ಚಕ್ರ ಬೇಗ ಲಾಕ್ ಆಗುವುದಿಲ್ಲ. ಮೆಲ್ಲಗೆ ಹಿಡಿಯಬೇಕು, ಬೇಗ ಹಿಡಿಯಲು ಶುರು ಮಾಡಬೇಕು.

ಕೆಸರು, ಜಲ್ಲಿ, ಮರಳು ಬಂದರೆ ಲೆಕ್ಕ ಬದಲಾಗುತ್ತದೆ. ಇಂಥ ಕಡೆ ಹಳೆಯ ಸವಾರರು ಹಿಂದಿನ ಬ್ರೇಕನ್ನು ಮಾತ್ರ ಮೆತ್ತಗೆ ಮುಟ್ಟಿ ಇಳಿಯುತ್ತಾರೆ, ಅದೇ ಸರಿ. ಸಿಬಿಎಸ್ ಗಾಡಿಯಲ್ಲಿ 'ಹಿಂದಿನದು ಮಾತ್ರ' ಎನ್ನುವುದೇ ಇಲ್ಲ. ಇರುವ ಉಪಾಯ ಎಂದರೆ ಆ ಸ್ಪ್ರಿಂಗ್. ಲಿವರನ್ನು ಮೊದಲ ಅರ್ಧದಷ್ಟೇ ಒತ್ತಿದರೆ ಹೆಚ್ಚಿನ ಪಾಲು ಹಿಂದಿನ ಚಕ್ರಕ್ಕೇ ಹೋಗುತ್ತದೆ. ಹಾಗಾಗಿ ಕೆಸರಿಗೆ ಇಳಿಯುವ ಮುಂಚೆಯೇ ವೇಗ ಕಡಿಮೆ ಮಾಡಿ, ಒಳಗೆ ಹೋದ ಮೇಲೆ ಬೆರಳ ತುದಿಯಲ್ಲಷ್ಟೇ ಬ್ರೇಕ್ ಮುಟ್ಟಿ. ಬೈಕಾದರೆ ಸೆಕೆಂಡ್ ಗೇರಿಗೆ ಬನ್ನಿ, ಎಂಜಿನ್ನೇ ಹಿಡಿದುಕೊಳ್ಳುತ್ತದೆ.

ಸುಗ್ಗಿಯ ಕಾಲದಲ್ಲಿ ರಸ್ತೆಗೆ ಹರಡುವ ರಾಗಿ, ಹುರುಳಿಯ ಮೇಲಂತೂ ಸಿಬಿಎಸ್, ಎಬಿಎಸ್ ಯಾವುದನ್ನೂ ನಂಬಬೇಡಿ. ಟೈರಿಗೂ ಟಾರಿಗೂ ನಡುವೆ ಹುಲ್ಲು ಇದ್ದರೆ ಬ್ರೇಕ್ ಹಿಡಿದೇನು ಪ್ರಯೋಜನ? ಆಕ್ಸಿಲರೇಟರ್ ಬಿಟ್ಟು, ಹ್ಯಾಂಡಲ್ ನೆಟ್ಟಗಿಟ್ಟು ದಾಟಿಬಿಡಿ.

ಯೂ ಟರ್ನ್ ಮಾಡುವಾಗ ಗಾಡಿ ಒರಗಿ ಬಿತ್ತು. ಸಿಬಿಎಸ್ ಕಾರಣ ಇರಬಹುದಾ?

ಇರಬಹುದು. ನಾನೂ ಬಿದ್ದಿದ್ದೇನೆ. ಮನೆ ಮುಂದಿನ ಇಳಿಜಾರಿನ ರಸ್ತೆಯಲ್ಲಿ ಹ್ಯಾಂಡಲ್ ಪೂರ್ತಿ ತಿರುಗಿಸಿ, ನಡೆಯುವ ವೇಗದಲ್ಲಿ ತಿರುಗುತ್ತಿದ್ದೆ. ನಾಯಿಯೊಂದು ಅಡ್ಡ ಬಂತು. ಹಳೆಯ ಗಾಡಿಯ ಅಭ್ಯಾಸದಲ್ಲಿ ಎಡಗೈ ಗಟ್ಟಿಯಾಗಿ ಹಿಡಿದೆ. ಮುಂದಿನ ಬ್ರೇಕೂ ಬಿತ್ತು, ತಿರುಗಿದ್ದ ಚಕ್ರ ಅಲ್ಲೇ ನಿಂತಿತು, ಗಾಡಿ ಒಳಗಡೆಗೆ ಒರಗಿತು, ಕಾಲು ಊರುವಷ್ಟು ಹೊತ್ತು ಸಿಗಲಿಲ್ಲ. ಮೊಣಕೈ ತರಚಿತು, ಕನ್ನಡಿ ಒಡೆಯಿತು. ನಾಯಿ ಮಾತ್ರ ನಿಂತು ನೋಡುತ್ತಿತ್ತು.

ತೀರಾ ನಿಧಾನವಾಗಿ ತಿರುಗುವಾಗ ಮುಂದಿನ ಬ್ರೇಕ್ ಬಿದ್ದರೆ ಆಗುವುದೇ ಇದು. ದೊಡ್ಡ ಬೈಕ್ ಮಾಡುವವರಿಗೂ ಇದು ಗೊತ್ತು. ಹಾರ್ಲೆ ಡೇವಿಡ್ಸನ್ನಿನ ದೊಡ್ಡ ಟೂರಿಂಗ್ ಬೈಕುಗಳಲ್ಲಿ ಎಲೆಕ್ಟ್ರಾನಿಕ್ ಜೋಡಣೆ ಇದೆ. ವೇಗ ತೀರಾ ಕಡಿಮೆಯಾದರೆ ಅದು ತಾನಾಗಿಯೇ ಜೋಡಣೆ ಬಿಟ್ಟು, ಎರಡು ಬ್ರೇಕನ್ನೂ ಬೇರೆ ಬೇರೆ ಮಾಡುತ್ತದೆ. ನಮ್ಮ ಸ್ಕೂಟರಿನ ಕೇಬಲ್ಲಿಗೆ ಅಷ್ಟು ಬುದ್ಧಿ ಇಲ್ಲ. ಯೂ ಟರ್ನಿಗೆ ಮೊದಲೇ ನಿಧಾನಿಸಿ. ನಿಲ್ಲಲೇಬೇಕಾದರೆ ಹ್ಯಾಂಡಲ್ ಸ್ವಲ್ಪ ನೆಟ್ಟಗೆ ಮಾಡಿಕೊಂಡು ಹಿಡಿಯಿರಿ.

ಘಾಟಿ ಇಳಿಯುವಾಗ?

ಆಗುಂಬೆ, ಚಾರ್ಮಾಡಿ ಇಳಿಯುವಾಗ ಸ್ಕೂಟರಿನವರು ಎಡಗೈಯನ್ನು ಒತ್ತಿಕೊಂಡೇ ಬರುವುದನ್ನು ನೋಡಿದ್ದೇನೆ. ಡ್ರಮ್ ಕಾಯುತ್ತದೆ, ಅದರೊಳಗೆ ಉಜ್ಜಿ ಹಿಡಿಯುವ ಲೈನರ್ ಸುಟ್ಟ ವಾಸನೆ ಬರುತ್ತದೆ, ಕೊನೆಗೆ ಲಿವರ್ ಎಷ್ಟು ಒತ್ತಿದರೂ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ಸಿಬಿಎಸ್‌ನಲ್ಲಿ ಹೀಗೆ ಮಾಡಿದರೆ ಒಂದರ ಬದಲು ಎರಡೂ ಬ್ರೇಕ್ ಕಾಯುತ್ತವೆ. ಹಿಡಿದು, ಬಿಟ್ಟು, ತಣ್ಣಗಾಗಲು ಬಿಟ್ಟು ಇಳಿಯಬೇಕು. ಸ್ಕೂಟರ್ ತೀರಾ ನಿಧಾನವಾದರೆ ಕ್ಲಚ್ ಬಿಟ್ಟುಕೊಂಡು ಎಂಜಿನ್ ಹಿಡಿತವೂ ಹೋಗುತ್ತದೆ, ಆಗ ಗಾಡಿ ಸೈಕಲ್ಲಿನ ಹಾಗೆ ಉರುಳುತ್ತದೆ. ತಿರುವಿಗೆ ಬೇಕಾದ ಬ್ರೇಕನ್ನು ಗಾಡಿ ನೆಟ್ಟಗಿರುವಾಗಲೇ ಹಾಕಿ ಮುಗಿಸಿ. ಒರಗಿದ ಮೇಲೆ ಮುಟ್ಟಲೇಬೇಕಾದರೆ ಮೆತ್ತಗೆ.

ಹಿಂದೆ ಒಬ್ಬರನ್ನು ಕೂರಿಸಿಕೊಂಡರೆ?

ಹಿಂದಿನ ಚಕ್ರದ ಮೇಲೆ ಭಾರ ಹೆಚ್ಚುತ್ತದೆ, ಅದು ಬೇಗ ಲಾಕ್ ಆಗುವುದಿಲ್ಲ. ಆದರೆ ನಿಲ್ಲಿಸಬೇಕಾದ ತೂಕ ಜಾಸ್ತಿ. ಒಬ್ಬರೇ ಇದ್ದಾಗ ಒತ್ತುವಷ್ಟೇ ಒತ್ತಿದರೆ ಗಾಡಿ ಇನ್ನೂ ಮುಂದೆ ಹೋಗಿ ನಿಲ್ಲುತ್ತದೆ. ಬಲಗೈ ಬೇಕಾಗುವುದು ಇಲ್ಲಿಯೇ.

ಗ್ಯಾರೇಜಿನಲ್ಲಿ 'ಈ ಕೇಬಲ್ ತೆಗೆದ್ಬಿಡಿ, ಸುಮ್ನೆ ತಲೆನೋವು' ಅಂದರು. ತೆಗೆಸಲಾ?

ಬೇಡ. ಒಮ್ಮೆ ಸರ್ವಿಸಿಗೆ ಬಿಟ್ಟು ತಂದ ಗಾಡಿಯಲ್ಲಿ ಎಡಗೈ ಹಿಡಿದರೆ ಮುಂದೆ ಏನೂ ಆಗುತ್ತಿರಲಿಲ್ಲ. ಬಗ್ಗಿ ನೋಡಿದರೆ ಜೋಡಣೆ ಕೇಬಲನ್ನು ಸಡಿಲ ಮಾಡಿ, ಜೋತಾಡಲು ಬಿಟ್ಟಿದ್ದರು. ಕೇಳಿದ್ದಕ್ಕೆ "ಮುಂದೆ ಉಜ್ತಾ ಇತ್ತು ಸರ್, ಅದಕ್ಕೆ" ಎಂದರು. ಉಜ್ಜುತ್ತಿದ್ದರೆ ಸೆಟ್ಟಿಂಗ್ ಸರಿ ಮಾಡಬೇಕು. ಕಾಲಿಗೆ ಚಪ್ಪಲಿ ಕಚ್ಚುತ್ತದೆಂದು ಬರಿಗಾಲಲ್ಲಿ ನಡೆಯುವವರುಂಟೇ?

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆ ರೀತಿ ಗಾಡಿಯನ್ನು ಬದಲಾಯಿಸುವಂತಿಲ್ಲ. ಬ್ರೇಕ್ ಬಿಚ್ಚಿಸಿದ್ದೀರಿ ಎಂದು ಗೊತ್ತಾದರೆ ಇನ್ಶೂರೆನ್ಸ್ ಕ್ಲೇಮಿನ ಹೊತ್ತಿನಲ್ಲೂ ತಕರಾರು ಬರಬಹುದು.

ಸರಿಯಾಗಿ ಕೆಲಸ ಮಾಡ್ತಾ ಇದೆಯಾ ಅಂತ ಮನೆಯಲ್ಲೇ ನೋಡೋದು ಹೇಗೆ?

ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ. ಇನ್ನೊಬ್ಬರಿಗೆ ಹಿಂದೆ ಭಾರ ಹಾಕಿ ಒತ್ತಿ ಹಿಡಿಯಲು ಹೇಳಿ, ಮುಂದಿನ ಚಕ್ರ ನೆಲ ಬಿಡುತ್ತದೆ. ಅದನ್ನು ಕೈಯಲ್ಲಿ ತಿರುಗಿಸಿ. ಸುಮ್ನೆ ಬಿಟ್ಟಾಗ ಎಲ್ಲೂ ಬಿಗಿಯಾಗದೆ ತಿರುಗಬೇಕು. ಎಡ ಲಿವರ್ ಪೂರ್ತಿ ಒತ್ತಿದಾಗ ಹಿಡಿದು ನಿಲ್ಲಬೇಕು. ಮುಂದೆ ಡ್ರಮ್ ಬ್ರೇಕ್ ಆದರೆ ಇನ್ನೂ ಸುಲಭ, ಲಿವರ್ ಒತ್ತಿದಾಗ ಡ್ರಮ್ಮಿನ ಹೊರಗಿರುವ ಆರ್ಮ್ ಅಲ್ಲಾಡುವುದು ಕಣ್ಣಿಗೇ ಕಾಣುತ್ತದೆ. ಬೈಕಾದರೆ ಇದನ್ನೇ ಕಾಲಿನ ಪೆಡಲ್ ಒತ್ತಿ ನೋಡಿ.

ಲಿವರ್ ಗ್ರಿಪ್ಪಿಗೆ ತಾಗುವವರೆಗೂ ಬರುತ್ತಿದ್ದರೆ ಲೈನರ್ ಸವೆದಿದೆ ಅಥವಾ ಕೇಬಲ್ ಸಡಿಲಾಗಿದೆ. ಇಲ್ಲೊಂದು ಸೂಕ್ಷ್ಮ ಇದೆ. ಎರಡೂ ಬ್ರೇಕ್ ಒಂದೇ ನೊಗದಲ್ಲಿರುವುದರಿಂದ ಒಂದು ಕಡೆಯ ಸೆಟ್ಟಿಂಗ್ ಕೆಟ್ಟರೆ ಇನ್ನೊಂದು ಕಡೆಯ ಪಾಲೂ ಏರುಪೇರಾಗುತ್ತದೆ. ಬರೀ ಹಿಂದಿನ ನಟ್ ಟೈಟ್ ಮಾಡಿ ಕಳಿಸುವ ಮೆಕ್ಯಾನಿಕ್ಕಿಗೆ ಮುಂದಿನದನ್ನೂ ನೋಡಲು ಹೇಳಿ. ಡಿಸ್ಕ್ ಇದ್ದರೆ ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿ.

ಮುಂದಿನ ಲೈನರ್ ಬೇಗ ಸವೆಯುತ್ತಾ?

ಮೊದಲಿಗಿಂತ ಬೇಗ, ಹೌದು. ಮೊದಲು ಅದು ಕೆಲಸವೇ ಮಾಡುತ್ತಿರಲಿಲ್ಲವಲ್ಲ.

ಇದೇನು ನಮ್ಮ ದೇಶದ ಅಗ್ಗದ ಗಾಡಿಗೆ ಅಂತ ಮಾಡಿದ ಉಪಾಯವಾ?

ಅಲ್ಲ, ದೊಡ್ಡ ಬೈಕಿನಲ್ಲೇ ಮೊದಲು ಬಂದದ್ದು. ಇಟಲಿಯ ಮೋಟೋ ಗುಝಿಯವರು 1975ರ 850 ಟಿ3 ಬೈಕಿನಲ್ಲಿ ಕಾಲಿನ ಪೆಡಲ್‌ಗೆ ಹಿಂದಿನ ಡಿಸ್ಕನ್ನೂ ಮುಂದಿನ ಎರಡು ಡಿಸ್ಕುಗಳಲ್ಲಿ ಒಂದನ್ನೂ ಜೋಡಿಸಿದ್ದರು. ಕೈ ಲಿವರಿಗೆ ಉಳಿದದ್ದು ಇನ್ನೊಂದು ಡಿಸ್ಕ್ ಮಾತ್ರ. 1993ರ ಹೋಂಡಾ ಸಿಬಿಆರ್1000ಎಫ್‌ನಲ್ಲಿ ಎರಡೂ ಕಡೆಯಿಂದ ಜೋಡಣೆ: ಕೈ ಹಿಡಿದರೆ ಹಿಂದಿನದಕ್ಕೂ, ಕಾಲು ಒತ್ತಿದರೆ ಮುಂದಿನದಕ್ಕೂ. ಮುಂದಿನ ಕ್ಯಾಲಿಪರ್ ಡಿಸ್ಕ್ ಹಿಡಿದಾಗ ಚಕ್ರದ ಜೊತೆ ತಾನೂ ಒಂದಿಷ್ಟು ತಿರುಗಲು ನೋಡುತ್ತದೆ. ಆ ತಿರುಗುವ ಬಲದಿಂದಲೇ ಇನ್ನೊಂದು ಮಾಸ್ಟರ್ ಸಿಲಿಂಡರ್ ಒತ್ತಿ, ಹಿಂದಿನ ಬ್ರೇಕಿಗೆ ಒತ್ತಡ ಕಳಿಸುತ್ತಿದ್ದರು. ಸೆನ್ಸರ್ ಇಲ್ಲದೆ, ಬರೀ ಮೆಕ್ಯಾನಿಕಲ್ ಬುದ್ಧಿಯಿಂದ! ಪಳಗಿದ ಸವಾರರಲ್ಲಿ ಕೆಲವರು "ನನ್ನ ಬ್ರೇಕ್ ನಾನೇ ಹಂಚಿಕೊಳ್ತೀನಿ" ಎಂದು ಆಗಲೂ ಗೊಣಗಿದ್ದರು.

ಬಲಗೈ ಅಭ್ಯಾಸ ಮಾಡೋದು ಎಲ್ಲಿ, ಹೇಗೆ?

ಭಾನುವಾರ ಬೆಳಿಗ್ಗೆ ಖಾಲಿ ಇರುವ ಮೈದಾನದ ಪಕ್ಕದ ಟಾರ್ ರಸ್ತೆ ಸಾಕು. ಹೆಲ್ಮೆಟ್, ಷೂ ಹಾಕಿಕೊಳ್ಳಿ. 20 ಕಿ.ಮೀ. ವೇಗದಲ್ಲಿ ನೆಟ್ಟಗೆ ಬಂದು, ಮೊದಲು ಎಡಗೈ ಒಂದರಿಂದಲೇ ನಿಲ್ಲಿಸಿ, ನಿಂತ ಜಾಗದಲ್ಲೊಂದು ಕಲ್ಲು ಇಡಿ. ಮತ್ತೆ ಅದೇ ವೇಗದಲ್ಲಿ ಬಂದು, ಮೊದಲ ಸಲ ಬ್ರೇಕ್ ಹಿಡಿಯಲು ಶುರು ಮಾಡಿದ ಜಾಗದಲ್ಲೇ ಹಿಡಿದು ಎರಡೂ ಕೈಯಿಂದ ನಿಲ್ಲಿಸಿ, ಇನ್ನೊಂದು ಕಲ್ಲು ಇಡಿ. ಬಲಗೈಯನ್ನು ನಿಂಬೆಹಣ್ಣು ಹಿಂಡುವ ಹಾಗೆ ಮೊದಲು ಮೆತ್ತಗೆ, ಆಮೇಲೆ ಬಿಗಿಯಾಗಿ ಒತ್ತಿ. ಹತ್ತು ಸಲ ಆದ ಮೇಲೆ 30ಕ್ಕೆ, ಆಮೇಲೆ 40ಕ್ಕೆ ಹೋಗಿ. ಎರಡು ಕಲ್ಲಿನ ನಡುವಿನ ದೂರ ವೇಗದ ಜೊತೆ ಹೇಗೆ ಬೆಳೆಯುತ್ತದೆ ನೋಡಿ.

ಮನೆಯಲ್ಲಿ ಒಂದು ಹಳೇ ಗಾಡಿ, ಒಂದು ಹೊಸದು ಇದೆ. ಗೊಂದಲ ಆಗಲ್ವಾ?

ಮೊದಲ ವಾರ ಆಗುತ್ತದೆ. ಹೊಸದರಿಂದ ಹಳೆಯದಕ್ಕೆ ಹೋದಾಗಲೇ ಜಾಸ್ತಿ ಎಚ್ಚರ ಬೇಕು. ಎಡಗೈ ಹಿಡಿದರೆ ಎರಡೂ ನಿಲ್ಲುತ್ತದೆ ಎಂದು ಕೈ ನಂಬಿಬಿಟ್ಟಿರುತ್ತದೆ, ಹಳೆಯ ಗಾಡಿ ಹಿಂದಿನ ಚಕ್ರ ಎಳೆದುಕೊಂಡು ಮುಂದೆ ಹೋಗುತ್ತದೆ. ನಾನು ಈಗ ಯಾವ ಗಾಡಿ ಹತ್ತಿದರೂ ಗೇಟು ದಾಟುವ ಮುಂಚೆ ಒಮ್ಮೆ ಎಡಗೈ, ಒಮ್ಮೆ ಬಲಗೈ, ಬೇರೆ ಬೇರೆಯಾಗಿ ಹಿಡಿದು ನೋಡುತ್ತೇನೆ. ಪಕ್ಕದ ಮನೆಯವರು ಅದನ್ನು ನೋಡಿ, ಏನೋ ಪೂಜೆ ಇರಬೇಕು ಎಂದುಕೊಂಡಿದ್ದಾರೆ.